ಸುರುಳಿ ಗೆಲಾಕ್ಸಿಯ ಬೆಳವಣಿಗೆಯನ್ನು ನೇರಳಾತೀತ ಬೆಳಕಿನಲ್ಲಿ ಗುರುತಿಸುವ ಕ್ರಮ

ಮಳೆಗಾಲದಲ್ಲಿ ಶಿರಸಿಯಿಂದ ಕಾರವಾರದ ಕಡಲತೀರದವರೆಗೆ ವಾರಗಟ್ಟಲೆ ನಕ್ಷತ್ರವೊಂದೂ ಕಾಣಿಸದಿದ್ದರೂ ಈ ಅಧ್ಯಯನಕ್ಕೆ ಮೋಡ ಅಡ್ಡಿಯಾಗದು. ಗೆಲಾಕ್ಸಿಗಳಿಂದ ಬರುವ ನೇರಳಾತೀತ ಬೆಳಕಿನ ಬಹುಪಾಲನ್ನು ಓಝೋನ್ ಮೊದಲಾದ ಅನಿಲಗಳು ಹೀರಿಕೊಳ್ಳುವುದರಿಂದ ಅದನ್ನು ಉಪಗ್ರಹಗಳೇ ಸೆರೆಹಿಡಿಯಬೇಕು. ಆ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ.

ಸೂರ್ಯನಿಗಿಂತ ಹಲವು ಪಟ್ಟು ದ್ರವ್ಯರಾಶಿಯ ಬಿಸಿ ನಕ್ಷತ್ರಗಳು ಹೆಚ್ಚಾಗಿ ನೇರಳಾತೀತ ಬೆಳಕನ್ನೇ ಸೂಸುತ್ತವೆ ಮತ್ತು ಬೇಗನೆ ಉರಿದು ಮುಗಿಯುತ್ತವೆ. ಆದ್ದರಿಂದ ಗೆಲಾಕ್ಸಿಯ ತಟ್ಟೆಯಲ್ಲಿ ಈ ಬೆಳಕು ಪ್ರಖರವಾಗಿರುವೆಡೆ ಕಳೆದ ಸುಮಾರು 10 ಕೋಟಿ ವರ್ಷಗಳೊಳಗೆ ನಕ್ಷತ್ರಗಳು ಹುಟ್ಟಿವೆಯೆಂದು ತಿಳಿಯಬಹುದು. ಅಡಿಕೆ ತೋಟ ವಿಸ್ತರಿಸುತ್ತಿದೆಯೇ ಎಂದು ಅರಿಯಲು ನಡುವಿನ ಹಳೆಯ ಮರಗಳನ್ನಲ್ಲ, ಅಂಚಿನ ಸಸಿಗಳನ್ನು ನೋಡುತ್ತೇವೆ. ಇಲ್ಲಿಯೂ ಗಮನ ಅಂಚಿನ ಮೇಲಿರಬೇಕು.

ಮೊದಲು ಬ್ರೌಸರ್‌ನಲ್ಲಿ ಅಲಾದಿನ್ ಲೈಟ್ ಎಂಬ ಆಕಾಶನಕ್ಷೆಯನ್ನು ತೆರೆದು, ಸುಮಾರು 1.5 ಕೋಟಿ ಬೆಳಕಿನ ವರ್ಷ ದೂರದ ಎಂ 83 ಗೆಲಾಕ್ಸಿಯನ್ನು ಹುಡುಕಿ. ಡಿಎಸ್‌ಎಸ್ ಚಿತ್ರದಲ್ಲಿ, ಅಂದರೆ ಸಾಮಾನ್ಯ ಬೆಳಕಿನಲ್ಲಿ, ತಟ್ಟೆ ಎಲ್ಲಿಗೆ ಮಸುಕಾಗುತ್ತದೆ ಎಂಬುದನ್ನು ಗುರುತು ಮಾಡಿಕೊಂಡು, ಚಿತ್ರದ ಅಳತೆಯನ್ನು ಬದಲಿಸದೆ, 2003ರಲ್ಲಿ ಉಡಾವಣೆಯಾದ ಗ್ಯಾಲೆಕ್ಸ್ ಎಂಬ ನೇರಳಾತೀತ ದೂರದರ್ಶಕದ ಬಣ್ಣದ ಚಿತ್ರವನ್ನು ಆರಿಸಿ. ಅಳತೆ ಬದಲಾದರೆ ಹೋಲಿಕೆಗೆ ಅರ್ಥವಿಲ್ಲ.

ಈಗ ಗುರುತಿನ ಆಚೆಗೆ ನೀಲಿ ಚುಕ್ಕೆಗಳು ಎಳೆ ಎಳೆಯಾಗಿ, ಸುರುಳಿಯ ತೋಳುಗಳನ್ನೇ ಮುಂದುವರಿಸಿದಂತೆ ಚಾಚಿರುವುದು ಕಾಣುತ್ತದೆ. 2005ರಲ್ಲಿ ಪ್ರಕಟವಾದ ಈ ಸಂಗತಿ ಖಗೋಳಜ್ಞರಿಗೂ ಅಚ್ಚರಿ ತಂದಿತ್ತು, ಏಕೆಂದರೆ ಅನಿಲ ಅಷ್ಟು ವಿರಳವಾಗಿರುವಲ್ಲಿ ನಕ್ಷತ್ರಗಳು ಹುಟ್ಟುವುದನ್ನು ಅವರು ನಿರೀಕ್ಷಿಸಿರಲಿಲ್ಲ. ರೇಡಿಯೊ ದೂರದರ್ಶಕಗಳು 21 ಸೆಂಟಿಮೀಟರ್ ಅಲೆಯಲ್ಲಿ ತೋರಿಸುವ ಹೈಡ್ರೋಜನ್ ಹರಹು ಈ ಎಳೆಗಳ ಜಾಡಿನಲ್ಲೇ ಇದೆ. ಹಳದಿಯಾಗಿ ಹೊಳೆಯುವ ಒಂಟಿ ಚುಕ್ಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವುಗಳಲ್ಲಿ ಹೆಚ್ಚಿನವು ನಮ್ಮ ಹಾಲುಹಾದಿಯ ನಕ್ಷತ್ರಗಳು.

ಅಳತೆ ಸುಲಭ: ಎಂ 83ರ ದೂರದಲ್ಲಿ ಆಕಾಶದ ಒಂದು ಕೋನ ನಿಮಿಷ (ಡಿಗ್ರಿಯ ಅರವತ್ತನೇ ಒಂದು ಭಾಗ) ಸುಮಾರು 4,360 ಬೆಳಕಿನ ವರ್ಷಗಳಿಗೆ ಸಮ. ಕೇಂದ್ರದಿಂದ ಹೊರಹೋದಂತೆ ಸಾಮಾನ್ಯ ಬೆಳಕು ಬೇಗ ಕುಂದಿ ನೇರಳಾತೀತ ಬೆಳಕು ನಿಧಾನವಾಗಿ ಕುಂದಿದರೆ, ಹಳೆಯ ನಕ್ಷತ್ರಗಳಿಗೆ ಹೋಲಿಸಿದಾಗ ಹೊಸವುಗಳ ಪಾಲು ಹೊರಭಾಗದಲ್ಲಿ ಹೆಚ್ಚಿದೆ ಎಂದರ್ಥ. ತಟ್ಟೆ ಒಳಗಿನಿಂದ ಹೊರಕ್ಕೆ ಬೆಳೆಯುತ್ತಿದೆ ಎನ್ನಲು ಇದು ಮುಖ್ಯ ಆಧಾರ.

ಒಳಭಾಗದ ಬಣ್ಣವನ್ನು ಮಾತ್ರ ಎಚ್ಚರದಿಂದ ಓದಬೇಕು. ಧೂಳು ನೇರಳಾತೀತ ಬೆಳಕನ್ನು ನುಂಗಿ ಅವಕೆಂಪಿನಲ್ಲಿ ಹೊರಸೂಸುವುದರಿಂದ, ಮಸುಕಾಗಿ ಕಂಡ ಜಾಗದಲ್ಲೂ ನಕ್ಷತ್ರಗಳು ಹುಟ್ಟುತ್ತಿರಬಹುದು. ಅದೇ ನಕ್ಷೆಯಲ್ಲಿ ವೈಸ್ ಉಪಗ್ರಹದ ಅವಕೆಂಪು ಚಿತ್ರವನ್ನೂ ತೆರೆದು ನೋಡದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಕೈ ಕುದುರಿದ ಮೇಲೆ ಎಂ 101 ಎಂಬ ಇನ್ನೊಂದು ಸುರುಳಿ ಗೆಲಾಕ್ಸಿಗೆ ಹೋಗಿ. ಇಸ್ರೊ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಅದನ್ನು ಗ್ಯಾಲೆಕ್ಸ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟವಾಗಿ ಚಿತ್ರಿಸಿದೆ. ಅಂಚಿನ ಕಡೆಯಿಂದ ಕಾಣುವ ಎನ್‌ಜಿಸಿ 891ರಂಥ ಗೆಲಾಕ್ಸಿಗಳನ್ನು ಆರಂಭದಲ್ಲಿ ಆರಿಸಬಾರದು. ಅಲ್ಲಿ ಧೂಳಿನ ಪಟ್ಟಿ ತೋಳುಗಳನ್ನು ಮರೆಮಾಡುತ್ತದೆ.