ಉಡುಪಿಯ ಉಪ್ಪು ಗಾಳಿಯಲ್ಲಿ ಸೋಲಾರ್‌ಗ್ರಾಫ್: ನನ್ನ ಅನುಭವ

ಸೂಜಿ ತೂತಿನ ಡಬ್ಬದೊಳಗೆ ಫೋಟೋ ಪೇಪರ್ ಇಟ್ಟು ತಿಂಗಳುಗಟ್ಟಲೆ ಒಂದೇ ಕಡೆ ಕಟ್ಟಿಟ್ರೆ ಸೂರ್ಯನ ದಿನದಿನದ ದಾರಿ ಗೆರೆಗಳಾಗಿ ಮೂಡ್ತದೆ, ಅದೇ ಸೋಲಾರ್‌ಗ್ರಾಫ್. ಕಡಲ ಬದಿಯಲ್ಲಿ ಸೋಲಾರ್‌ಗ್ರಾಫ್ ಆಗ್ಲಿಕ್ಕಿಲ್ಲ, ಪೇಪರಿಗೆ ಬೂಷ್ಟು ಹಿಡೀತದೆ ಅಂತ ಹೇಳಿದವರೇ ಜಾಸ್ತಿ. ಈಗ ಡಿಸೆಂಬರ್ 21ರಿಂದ ಜೂನ್ 21ರವರೆಗಿನ ಸೂರ್ಯ ಒಂದೇ ಶೀಟಿನಲ್ಲಿ ಉಂಟು, ಮಲ್ಪೆ ಬದಿಯ ತೆಂಗಿನ ಮರಗಳ ಮೇಲೆ. ಜೂನಿನದ್ದು ಮಾತ್ರ ತುಂಡು ತುಂಡು, ಮೋಡ ಅಲ್ವಾ.

ಪಿನ್‌ಹೋಲ್ ಅಂದ್ರೆ ಲೆನ್ಸಿನ ಬದಲು ಬೆಳಕು ಒಳಗೆ ಬರುವ ಆ ಸೂಜಿ ತೂತು, ಅದು ಸುಲಭ. ನಂಗೆ ದುಡ್ಡು ಹೋದದ್ದು ಡಬ್ಬದಲ್ಲಿ. ಹಾಲಿನ ಪುಡಿ ಡಬ್ಬ ಮಾರ್ಚ್ ಬರುವಾಗ್ಲೇ ತುಕ್ಕು, ಕೂಲ್‌ಡ್ರಿಂಕ್ಸ್ ಕ್ಯಾನಿಗೆ ತುಕ್ಕಿಲ್ಲ ಆದ್ರೆ ಬಿಸಿಲಿಗೆ ಟೇಪಿನ ಅಂಟು ಬಿಟ್ಟು ಬೆಳಕು ನುಗ್ಗಿ ಪೇಪರ್ ಇಡೀ ಕಪ್ಪು. ಆ ಪೇಪರ್ ಪ್ಯಾಕೆಟಿಗೇ ಎರಡು ಸಾವಿರದ ಮೇಲೆ. ಕೊನೆಗೆ ಪ್ಲಂಬರ್ ಬಿಟ್ಟು ಹೋದ 75 ಎಂಎಂ ಪಿವಿಸಿ ತುಂಡು, ಎರಡು ಎಂಡ್ ಕ್ಯಾಪ್, ಎಂ-ಸೀಲ್, ಒಳಗೆ ಹೊರಗೆ ಕಪ್ಪು ಸ್ಪ್ರೇ, ಮುನ್ನೂರು ರೂಪಾಯಿ ಕೂಡ ಆಗಿರ್ಲಿಕ್ಕಿಲ್ಲ. ತೂತಿಗೆ ಮಳೆ ನೀರು ಹೋಗದ ಹಾಗೆ ಎಂತ ಮಾಡಿದ್ದು ಅಂತ ಈಗ ಹೇಳೋದಿಲ್ಲ.

ಡಬ್ಬಕ್ಕಿಂತ ಮುಖ್ಯ ದಿಕ್ಕು. ಯುರೋಪಿನವರ ಫೋಟೋ ನೋಡಿ ಎಲ್ರೂ ದಕ್ಷಿಣಕ್ಕೆ ಮುಖ ಮಾಡಿ ನೆಟ್ಟಗೆ ಕಟ್ತಾರೆ. ಅಲ್ಲಿ ಜೂನಿನಲ್ಲೂ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ. ನಾವಿರೋದು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ 25ರ ಹತ್ತಿರ ಸೂರ್ಯ ಸೀದಾ ನೆತ್ತಿಗೆ ಬಂದು ಆಮೇಲೆ ಉತ್ತರಕ್ಕೆ ದಾಟ್ತಾನೆ, ಜೂನ್ 21ಕ್ಕೆ ನೆತ್ತಿಯಿಂದ ಹತ್ತು ಡಿಗ್ರಿ ಆಚೆ. ದಕ್ಷಿಣಕ್ಕೆ ನೋಡುವ ಡಬ್ಬಕ್ಕೆ ಎಂತ ಸಿಗ್ತದೆ ಮಾರಾಯ್ರೆ? ನಾನು ಕಡಲಿಗೆ ತಿರುಗಿಸಿದೆ. ಸೂರ್ಯ ಮುಳುಗೋದು ಸೀದಾ ಪಶ್ಚಿಮದಿಂದ ಆಚೆ 24, ಈಚೆ 24 ಡಿಗ್ರಿ ಒಳಗೇ, ಎಲ್ಲ ಗೆರೆ ಹೆಚ್ಚುಕಮ್ಮಿ ನೇರ ಕೆಳಗಿಳೀತವೆ, ಎಡಕ್ಕೆ ಡಿಸೆಂಬರ್ ಬಲಕ್ಕೆ ಜೂನ್. ಎರಡು ಕೊನೆಯಲ್ಲಿ ಗೆರೆ ಒಂದರ ಮೇಲೊಂದು, ಮಾರ್ಚಿನಲ್ಲಿ ಬಿಡಿಸಿಕೊಂಡು. ಜೂನ್ ಆದ್ಮೇಲೆ ಅದೇ ದಾರಿಯಲ್ಲಿ ವಾಪಸ್, ಹಾಗಾಗಿ ಮಳೆಗಾಲ ನಮಗೆ ಬೇಕಾಗೇ ಇಲ್ಲ!

ನಡುವೆ ಇನ್ನೊಂದು ಹುಚ್ಚು. ಟೆರೇಸಿನಲ್ಲಿ ಒಂದು ಮೀಟರ್ ಸರಳು ನಿಲ್ಲಿಸಿ ಪ್ರತಿ ಆದಿತ್ಯವಾರ 12:31ಕ್ಕೆ ನೆರಳಿನ ತುದಿಗೆ ಪೇಂಟ್ ಚುಕ್ಕೆ, ವರ್ಷದ ಸರಾಸರಿ ನೋಡಿದ್ರೆ ನಮ್ಮಲ್ಲಿ ಸೂರ್ಯನ ನಡು ಮಧ್ಯಾಹ್ನ ಆಗ್ಲೇ. ಡಿಸೆಂಬರಿನಲ್ಲಿ ಉತ್ತರಕ್ಕೆ 75 ಸೆಂಟಿಮೀಟರ್, ಫೆಬ್ರವರಿಯಲ್ಲಿ ಚುಕ್ಕೆ ಪಶ್ಚಿಮಕ್ಕೆ ಜಾರ್ತದೆ, ನವೆಂಬರಿನಲ್ಲಿ ಪೂರ್ವಕ್ಕೆ. ವರ್ಷದ ಚುಕ್ಕೆಗಳೆಲ್ಲ ಸೇರಿದ್ರೆ 8ರ ಆಕಾರ ಆಗ್ಬೇಕು. ಅದರ ದೊಡ್ಡ ಹೊಟ್ಟೆ ಬಂತು, ಸಣ್ಣದ್ದು ಮಳೆಯಲ್ಲಿ ಹೋಯ್ತು.

ಸೋಲಾರ್‌ಗ್ರಾಫಿನ ಪೇಪರನ್ನು ಕೆಮಿಕಲ್ ಹಾಕಿ ಡೆವಲಪ್ ಮಾಡ್ಬೇಡಿ, ಸೀದಾ ಸ್ಕ್ಯಾನ್, ಅದೂ ಒಂದೇ ಸಲ, ಸ್ಕ್ಯಾನರಿನ ಬೆಳಕಿಗೇ ಪೇಪರ್ ಕಪ್ಪಾಗ್ತಾ ಹೋಗ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮಿರರ್ ಫ್ಲಿಪ್ (ಎಡ ಬಲ ಅದಲುಬದಲು), ಇನ್ವರ್ಟ್ (ಕಪ್ಪು ಬಿಳಿ ಅದಲುಬದಲು). ಈ ಡಿಸೆಂಬರಿಗೆ ಪೂರ್ವಕ್ಕೂ ಒಂದು ಕಟ್ಬೇಕು ಅಂತ ಉಂಟು, ಆದ್ರೆ ಆ ಬದಿಗೆ ಪಕ್ಕದ ಮನೆಯವರ ಟೆರೇಸ್ ಶೀಟ್ ಬಂದಿದೆ.