ಬ್ಯಾಟರಿಯಲ್ಲಿ ಗುಡ್ಡ ಹತ್ತುವ ಲೆಕ್ಕ

ಕಣಿವೆಯ ತಳದಿಂದ ಮೇಲೆ ಬರುವ ಕೊನೆಯ ಏರಿನ ನಡುವೆ ನನ್ನ ಎಲೆಕ್ಟ್ರಿಕ್ ಡರ್ಟ್ ಬೈಕ್ (ಮಣ್ಣುದಾರಿಗೆಂದೇ ಮಾಡಿದ ಬೈಕ್) ನಿಂತುಹೋಯಿತು. ಮೀಟರಿನಲ್ಲಿ ಇನ್ನೂ 18 ಪರ್ಸೆಂಟ್ ಇತ್ತು. ಹತ್ತು ನಿಮಿಷ ಮರದ ನೆರಳಿನಲ್ಲಿ ಕೂತು ಎದ್ದು ನೋಡಿದರೆ 22 ಆಗಿತ್ತು. ಮತ್ತೆ ಹತ್ತಿಸಿದೆ, ನೂರು ಮೀಟರ್ ಹೋಗಿ ಮತ್ತೆ ಉಸಿರು ಬಿಟ್ಟಿತು. ಹಿಂದೆ ಪೆಟ್ರೋಲ್ ಬೈಕಿನಲ್ಲಿ ಬರುತ್ತಿದ್ದ ಹಿರಿಯರೊಬ್ಬರು ತಮ್ಮ ಗಾಡಿ ಪಕ್ಕಕ್ಕೆ ನಿಲ್ಲಿಸಿ, ನನ್ನ 57 ಕೆಜಿ ಬೈಕಿಗೆ ಹಿಂದಿನಿಂದ ಹೆಗಲು ಕೊಟ್ಟು ದಿಣ್ಣೆಯ ತುದಿಯವರೆಗೆ ತಳ್ಳಿಕೊಟ್ಟರು. ಮೇಲೆ ಬಂದು ಬೆವರು ಒರೆಸಿಕೊಳ್ಳುತ್ತಾ ಕೇಳಿದರು: ಒಂದು ಚಾರ್ಜಿಗೆ ಎಷ್ಟು ಓಡುತ್ತದೆ ಇದು?

ನನ್ನ ಬಳಿ ಉತ್ತರ ಇರಲಿಲ್ಲ. ಮಾರುವಾಗ ಹೇಳಿದ ಅಂಕಿ ಇತ್ತು. ಅದು ಸಮತಟ್ಟು ರಸ್ತೆಯಲ್ಲಿ, ಒಂದೇ ನಿಧಾನ ವೇಗದಲ್ಲಿ ಓಡಿಸಿ ಅಳೆದ ಅಂಕಿ. ಅಂಥ ದಾರಿ ಈ ಗುಡ್ಡದಲ್ಲಿ ಪಾರ್ಕಿಂಗ್ ಜಾಗ ಬಿಟ್ಟರೆ ಬೇರೆಲ್ಲೂ ಇಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಕೆಲಸಕ್ಕೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಕೆಲವು ವರ್ಷಗಳಾದವು. ಇಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿಯಲ್ಲಿ ಹಾಲಿಸ್ಟರ್ ಹಿಲ್ಸ್ ಇದೆ. ಡರ್ಟ್ ಬೈಕ್, ಜೀಪಿನಂಥ ಗಾಡಿಗಳನ್ನು ಮಣ್ಣುದಾರಿಯಲ್ಲಿ ಓಡಿಸುವವರಿಗೆಂದೇ ರಾಜ್ಯ ಸರ್ಕಾರ ನಡೆಸುವ ಪಾರ್ಕ್ ಅದು. ಭೂಕಂಪಗಳಿಗೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಎಂಬ ನೆಲದ ಬಿರುಕು ಅದರೊಳಗೇ ಹಾದುಹೋಗುವುದರಿಂದ ಒಂದು ಬದಿಯ ಮಣ್ಣು ಇನ್ನೊಂದು ಬದಿಯಂತಿಲ್ಲ. ಗ್ರಾನೈಟ್ ಪುಡಿಯಾದ ಕಡೆ ಮಳೆ ಬಂದ ಮರುದಿನವೂ ಓಡಿಸಬಹುದು, ಟೈರು ಚೆನ್ನಾಗಿ ಹಿಡಿಯುತ್ತದೆ. ಬೇಸಿಗೆಯ ಕೊನೆಗೆ ಅದೇ ಮಣ್ಣು ಒಣಗಿ, ಮೇಲೆ ರಾಗಿ ಹರಡಿದ ಹಾಗೆ ಜಾರುತ್ತದೆ. ಬ್ಯಾಟರಿಯ ಮಾತಿನಲ್ಲಿ ಮಣ್ಣೇಕೆ ಬಂತು ಅನ್ನಬೇಡಿ, ಮುಂದೆ ಅದು ದೊಡ್ಡ ಪಾಲು ಕೇಳುತ್ತದೆ.

ಆ ದಿನದ ನಂತರ ನಾನು ಮಾಡಿದ ಮೊದಲ ಕೆಲಸ, ಚಾರ್ಜರ್ ಚುಚ್ಚುವ ಗೋಡೆಯ ಪ್ಲಗ್ಗಿಗೆ ಒಂದು ಸಣ್ಣ ವಿದ್ಯುತ್ ಮೀಟರ್ ಹಾಕಿದ್ದು. ಅಗ್ಗದ ವಸ್ತು. ಎಷ್ಟು ಯೂನಿಟ್ ಒಳಗೆ ಹೋಯಿತು ಎಂದು ಮಾತ್ರ ಹೇಳುತ್ತದೆ. ಬೈಕಿನ ಪರ್ಸೆಂಟಿಗಿಂತ ಇದನ್ನು ನಂಬಬಹುದು, ಯಾಕೆಂದರೆ ನನ್ನ ಬೈಕಿನಲ್ಲಿ ಪರ್ಸೆಂಟ್ ಎನ್ನುವುದು ಬ್ಯಾಟರಿಯ ವೋಲ್ಟೇಜ್ ನೋಡಿ ಮಾಡಿದ ಅಂದಾಜು. ಏರಿನಲ್ಲಿ ಮೋಟರ್ ಒಮ್ಮೆಗೇ 80 ಆಂಪಿಯರ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟಾಗ ಮತ್ತೆ ಮೇಲೇಳುತ್ತದೆ. ನನ್ನದು 60 ವೋಲ್ಟಿನ, 32 ಆಂಪಿಯರ್-ಅವರ್‌ನ ಬ್ಯಾಟರಿ. ಒಳಗೆ ಒಂದರ ಹಿಂದೊಂದು ಜೋಡಿಸಿದ 16 ಸಾಲು ಸೆಲ್‌ಗಳು, ತುಂಬಿದಾಗ 67.2 ವೋಲ್ಟ್. ಚಾರ್ಜ್ ಕಡಿಮೆಯಾದಾಗ ಅದು 57ರ ಆಸುಪಾಸಿಗೆ ಬಂದಿರುತ್ತದೆ. ಅಲ್ಲಿಂದ ಒಂದು ಕಡಿದಾದ ಏರು ಇನ್ನೂ ಎಂಟು ವೋಲ್ಟ್ ಎಳೆದರೆ, ಸೆಲ್‌ಗಳು ಹಾಳಾಗಬಾರದೆಂದು ಒಳಗಿನ ಕಂಟ್ರೋಲರ್ ಶಕ್ತಿಯನ್ನು ತಡೆಹಿಡಿಯುತ್ತದೆ. ಕಣಿವೆಯಲ್ಲಿ ನನಗೆ ಆಗಿದ್ದು ಅದು. ಬ್ಯಾಟರಿ ಖಾಲಿಯಾಗಿರಲಿಲ್ಲ, ಆ ಏರನ್ನು ಹತ್ತಿಸುವಷ್ಟು ತ್ರಾಣ ಉಳಿದಿರಲಿಲ್ಲ. ಸಮತಟ್ಟು ದಾರಿಯಾಗಿದ್ದರೆ ಅದೇ 18 ಪರ್ಸೆಂಟಿನಲ್ಲಿ ಏಳೆಂಟು ಕಿಲೋಮೀಟರ್ ಮೆಲ್ಲಗೆ ಬಂದುಬಿಡುತ್ತಿದ್ದೆ.

60ನ್ನು 32ರಿಂದ ಗುಣಿಸಿದರೆ 1920 ವ್ಯಾಟ್-ಅವರ್, ಅಂದರೆ ಎರಡು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ಇಷ್ಟೇ ನನ್ನ ಟ್ಯಾಂಕು. ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಗಾತ್ರದ ಎಲೆಕ್ಟ್ರಿಕ್ ಬೈಕುಗಳಲ್ಲಿ ಇದರ ಮೂರು ಪಟ್ಟು ಇರುತ್ತದೆ. ಇಲ್ಲೇ ಹತ್ತಿರದ ಬ್ರಿಸ್ಬೇನ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಆಲ್ಟಾ ರೆಡ್‌ಶಿಫ್ಟ್‌ನಲ್ಲಿ 5.8 ಯೂನಿಟ್ ಇತ್ತು, ಸ್ಪೇನಿನ ಸ್ಟಾರ್ಕ್ ವಾರ್ಗ್ 6 ಯೂನಿಟ್ಟಿನ ಬ್ಯಾಟರಿಯೊಂದಿಗೆ ಬಂತು. ಆದರೆ ಅವು ನನ್ನ ಬೈಕಿನ ಎರಡು ಪಟ್ಟು ತೂಗುತ್ತವೆ. ನನಗೆ ಬೇಕಾದದ್ದು ಕಡಿದಾದ ಕಿರುದಾರಿಯಲ್ಲಿ ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಹುದಾದ ಗಾಡಿ. ಹಾಗಾಗಿ ಎರಡು ಯೂನಿಟ್ಟಿನೊಳಗೆ ಬದುಕುವುದನ್ನು ಕಲಿಯಬೇಕಿತ್ತು.

ಮೀಟರ್ ಹಾಕಿದ ಮೇಲಿನ ಮೊದಲ ಸವಾರಿ 30 ಕಿಲೋಮೀಟರ್. ಮನೆಗೆ ಬಂದು ತುಂಬಿಸಿದಾಗ ಗೋಡೆಯ ಮೀಟರ್ 1.62 ಯೂನಿಟ್ ತೋರಿಸಿತು. ಚಾರ್ಜರಿನಲ್ಲಿ ಹತ್ತರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ ಎಂದು ಕಳೆದರೆ ಸುಮಾರು 1460 ವ್ಯಾಟ್-ಅವರ್, ಕಿಲೋಮೀಟರಿಗೆ 48ರ ಮೇಲೆ. ಅಂದಿನಿಂದ ಪ್ರತಿ ಸವಾರಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ದೂರ, ಒಟ್ಟು ಏರು, ತಾಪಮಾನ, ಮಣ್ಣು ಒಣಗಿತ್ತೋ ತೇವವಿತ್ತೋ, ಬೈಕಿನ ಯಾವ ಮೋಡ್ (ಶಕ್ತಿ ಉಳಿಸುವ ಇಕೋ ಅಥವಾ ಜೋರಾಗಿ ಓಡಿಸುವ ಸ್ಪೋರ್ಟ್), ಎಷ್ಟು ಯೂನಿಟ್. ನಮ್ಮ ಅಪ್ಪಯ್ಯ ರಾಜದೂತ್ ಬೈಕಿಗೆ ಹಾಕಿಸಿದ ಪೆಟ್ರೋಲನ್ನು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಹೀಗೇ ಬರೆದಿಡುತ್ತಿದ್ದರು. ಆಗುಂಬೆ ಘಾಟಿ ಹತ್ತಿ ಬಂದ ವಾರದ ಲೆಕ್ಕ ಬೇರೆ, ಶಿವಮೊಗ್ಗಕ್ಕೆ ಹೋಗಿಬಂದ ವಾರದ ಲೆಕ್ಕ ಬೇರೆ. ದೂರ ಒಂದೇ ಇದ್ದರೂ ಖರ್ಚು ಒಂದೇ ಅಲ್ಲ ಎಂಬುದನ್ನು ನಾನು ಮೊದಲು ನೋಡಿದ್ದು ಆ ಹಾಳೆಯಲ್ಲಿ.

ಒಂದು ಋತು ಬರೆದ ಮೇಲೆ ಸ್ಪಷ್ಟವಾಯಿತು. ಟ್ರೇಲಿನಲ್ಲಿ, ಅಂದರೆ ಗುಡ್ಡದ ಮಣ್ಣುದಾರಿಯಲ್ಲಿ, ಕಿಲೋಮೀಟರ್ ಹಿಡಿದು ಹೋದರೆ ಮೋಸ ಹೋಗುತ್ತೇವೆ. ಏರನ್ನು ಎಣಿಸಬೇಕು.

ಏರಿನ ಲೆಕ್ಕಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ನಾನು, ಹೆಲ್ಮೆಟ್ಟು, ಬೂಟು, ನೀರು, ಬೈಕು ಎಲ್ಲ ಸೇರಿ ಸುಮಾರು 140 ಕೆಜಿ. ಇಷ್ಟು ತೂಕವನ್ನು 100 ಮೀಟರ್ ಮೇಲಕ್ಕೆ ಎತ್ತಲು 38 ವ್ಯಾಟ್-ಅವರ್ ಬೇಕೇ ಬೇಕು. ಎಷ್ಟೇ ಜಾಣತನದಿಂದ ಓಡಿಸಿದರೂ ಇದು ಕಡಿಮೆಯಾಗುವುದಿಲ್ಲ. ಮೋಟರು, ಚೈನು, ವೈರುಗಳಲ್ಲಿ ಕಳೆಯುವುದನ್ನು ಸೇರಿಸಿದರೆ 50. ಹಾಗಾಗಿ ಒಂದು ದಿನದಲ್ಲಿ 1000 ಮೀಟರ್ ಏರುವುದಾದರೆ ಬ್ಯಾಟರಿಯ ಕಾಲು ಭಾಗ ಬರೀ ಎತ್ತರಕ್ಕೆ ಹೋಯಿತು, ದೂರಕ್ಕೆ ಇನ್ನೂ ಏನೂ ಕೊಟ್ಟಿಲ್ಲ. ಈಗ ಹೊರಡುವ ಮೊದಲು ಮ್ಯಾಪಿನಲ್ಲಿ ನಾನು ನೋಡುವ ಮೊದಲ ಅಂಕಿ ದೂರದ್ದಲ್ಲ, ಒಟ್ಟು ಏರಿನದ್ದು.

ಇಳಿಯುವಾಗ ವಾಪಸ್ ಸಿಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆಕ್ಸಿಲರೇಟರ್ ಬಿಟ್ಟಾಗ ಮೋಟರ್ ಜನರೇಟರಾಗಿ ಒಂದಿಷ್ಟು ತುಂಬುವುದು ನಿಜ. ನನ್ನ ಲೆಕ್ಕದಲ್ಲಿ ಅದು ನೂರಕ್ಕೆ ಐದರ ಒಳಗೆ. ಕಾರಿನಲ್ಲಿ ಹೆಚ್ಚು ಸಿಗುತ್ತದೆ, ಇಲ್ಲಿ ಸಿಗದಿರಲು ಕಾರಣವಿದೆ. ಕಡಿದಾದ ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ನಿಲ್ಲಿಸುವ ಕೆಲಸವನ್ನು ಮುಂದಿನ ಬ್ರೇಕ್ ಮಾಡುತ್ತದೆ. ಮೋಟರ್ ಇರುವುದು ಹಿಂದಿನ ಚಕ್ರಕ್ಕೆ, ಅದು ಹಗುರಾಗಿ ತೇಲುತ್ತಿರುತ್ತದೆ. ಅದರಿಂದ ಜೋರಾಗಿ ಹಿಡಿಸಿದರೆ ಚಕ್ರ ಜಾರುತ್ತದೆ, ಬೀಳುತ್ತೇವೆ. ಹಾಗಾಗಿ ನನ್ನ ಎಣಿಕೆಯಲ್ಲಿ ಇಳಿಜಾರಿಗೆ ಸೊನ್ನೆ ಹಾಕುತ್ತೇನೆ. ಏನಾದರೂ ಸಿಕ್ಕಿದರೆ ಅದು ಮೇಲುಗೊಬ್ಬರ.

ಎತ್ತರದ ಖರ್ಚು ತಪ್ಪುವುದಿಲ್ಲ, ಸರಿ. ಉಳಿದದ್ದು ನಮ್ಮ ಕೈಯಲ್ಲಿದೆ, ಬಲಗೈಯಲ್ಲಿ. ಇದನ್ನು ಅಳೆಯಲು ಒಂದೇ ಸುತ್ತನ್ನು ಎರಡು ಭಾನುವಾರ ಓಡಿಸಿದೆ: 12 ಕಿಲೋಮೀಟರ್, 380 ಮೀಟರ್ ಏರು. ಸ್ಪೋರ್ಟ್ ಮೋಡಿನಲ್ಲಿ 610 ವ್ಯಾಟ್-ಅವರ್ ಹೋಯಿತು, ಸಮಯ 41 ನಿಮಿಷ. ಇಕೋ ಮೋಡಿನಲ್ಲಿ 430, ಸಮಯ 46 ನಿಮಿಷ. ಐದು ನಿಮಿಷ ಉಳಿಸಲು 180 ವ್ಯಾಟ್-ಅವರ್, ಅಂದರೆ ಇನ್ನೂ ಐದು ಕಿಲೋಮೀಟರ್ ಓಡಿಸಬಹುದಾದ ಶಕ್ತಿ. ಅಂಕಿ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆ 180 ಎಲ್ಲಿಗೆ ಹೋಯಿತು ಎಂದು ಹುಡುಕಿದಾಗ ಮೂರು ಕಡೆ ಸಿಕ್ಕಿತು. ಒಂದಷ್ಟು ಬಿಸಿಯಾಗಿ. ಕರೆಂಟ್ ಎರಡು ಪಟ್ಟಾದರೆ ಬ್ಯಾಟರಿ ಮತ್ತು ವೈರಿನೊಳಗೆ ಬಿಸಿಯಾಗಿ ಕಳೆಯುವುದು ನಾಲ್ಕು ಪಟ್ಟಾಗುತ್ತದೆ. ಒಂದಷ್ಟು ಗಾಳಿಗೆ. ಅಗಲದ ಮಣ್ಣುರಸ್ತೆಯಲ್ಲಿ ನಿಂತುಕೊಂಡು 60ರಲ್ಲಿ ಹೋದರೆ, 30ರಲ್ಲಿ ಹೋದಾಗಿನ ನಾಲ್ಕು ಪಟ್ಟು ಶಕ್ತಿಯನ್ನು ಪ್ರತಿ ಕಿಲೋಮೀಟರಿಗೆ ಗಾಳಿ ಕಿತ್ತುಕೊಳ್ಳುತ್ತದೆ. ಮೂರನೆಯದು ಮಣ್ಣು. ಹಿಂದಿನ ಚಕ್ರ ಗಿರ್ರನೆ ತಿರುಗಿ ಮಣ್ಣು ಎರಚಿದಾಗ ಬೈಕು ಒಂದು ಮೀಟರ್ ಮುಂದೆ ಹೋಗಿದ್ದರೆ ಚಕ್ರ ಎರಡು ಮೀಟರ್ ಓಡಿರುತ್ತದೆ. ಆ ಎರಡನೆಯ ಮೀಟರಿನ ಕೂಲಿಯನ್ನೂ ಬ್ಯಾಟರಿಯೇ ಕೊಟ್ಟಿರುತ್ತದೆ. ಪೆಟ್ರೋಲ್ ಬೈಕಿನಲ್ಲಿ ಇಂಜಿನ್ ಕೂಗುವುದರಿಂದ ಚಕ್ರ ಜಾರುವುದು ಕಿವಿಗೆ ಗೊತ್ತಾಗುತ್ತದೆ. ಇಲ್ಲಿ ಆ ಕೂಗು ಇಲ್ಲ, ಕಾಲಿನ ಅಡಿಯಲ್ಲಿ ಗೊತ್ತುಮಾಡಿಕೊಳ್ಳಬೇಕು. ನನಗೆ ಇದು ಕೈಗೂಡಲು ಆರು ತಿಂಗಳು ಹಿಡಿಯಿತು.

ಈಗ ಏರಿನ ಬುಡಕ್ಕೆ ಬರುವ ಮೊದಲೇ ಸ್ವಲ್ಪ ವೇಗ ಹಿಡಿದಿಟ್ಟುಕೊಳ್ಳುತ್ತೇನೆ, ಬುಡದಲ್ಲಿ ನಿಂತು ಒಮ್ಮೆಗೇ ತಿರುಚುವುದಿಲ್ಲ. ಸೀಟಿನ ಮೇಲೆ ಮುಂದೆ ಸರಿದು, ಎದೆ ಹ್ಯಾಂಡಲಿನ ಹತ್ತಿರ ತಂದು, ಹಿಂದಿನ ಚಕ್ರದ ಮೇಲೆ ಬೇಕಾದಷ್ಟೇ ಭಾರ ಬಿಡುತ್ತೇನೆ. ದಾರಿಯ ನಡುವಿನ ಪುಡಿಮಣ್ಣು ಬಿಟ್ಟು ಅಂಚಿನಲ್ಲಿ ಗಟ್ಟಿಯಾಗಿ ತೇವ ಉಳಿದ ಗೆರೆ ಹುಡುಕುತ್ತೇನೆ. ಟೈರಿನ ಗಾಳಿ ಮೊದಲು 18 ಪಿಎಸ್‌ಐ ಇಡುತ್ತಿದ್ದೆ, ಈಗ ಹಿಂದಿನದಕ್ಕೆ 12. ಮೆತ್ತಗಿನ ಟೈರು ಸಮತಟ್ಟಿನಲ್ಲಿ ತುಸು ಹೆಚ್ಚು ತಿನ್ನುತ್ತದೆ, ಆದರೆ ಏರಿನಲ್ಲಿ ಜಾರದೆ ಅದನ್ನು ಬಡ್ಡಿ ಸಮೇತ ತೀರಿಸುತ್ತದೆ. ಗ್ರಾನೈಟ್ ಪುಡಿಯ ಕಡೆ ಇದು ಎದ್ದು ಕಾಣುತ್ತದೆ. ಮೊದಲ ಮಳೆಯಾದ ವಾರ ಅದೇ ಸುತ್ತಿಗೆ ನನ್ನ ಪುಸ್ತಕದಲ್ಲಿ ವರ್ಷದ ಅತಿ ಕಡಿಮೆ ಅಂಕಿ ಇದೆ: 395 ವ್ಯಾಟ್-ಅವರ್.

ಚಳಿಯ ಬಗ್ಗೆಯೂ ಹೇಳಬೇಕು. ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಎಂದುಕೊಳ್ಳುತ್ತಾರೆ, ಜನವರಿಯ ಬೆಳಗ್ಗೆ ಈ ಗುಡ್ಡಗಳಲ್ಲಿ 3 ಡಿಗ್ರಿ ಇರುತ್ತದೆ. ರಾತ್ರಿಯೆಲ್ಲ ಹೊರಗಿದ್ದ ಬ್ಯಾಟರಿಯ ಒಳತಡೆ (ಕರೆಂಟಿಗೆ ಒಳಗೇ ಆಗುವ ಅಡ್ಡಿ) ಏರಿರುತ್ತದೆ, ಏರಿನಲ್ಲಿ ವೋಲ್ಟೇಜ್ ಇನ್ನೂ ಬೇಗ ಕುಸಿಯುತ್ತದೆ. ನನ್ನದು ಬಿಚ್ಚಿ ತೆಗೆಯುವ ಬ್ಯಾಟರಿ. ಚಳಿಗಾಲದಲ್ಲಿ ಅದು ಮನೆಯೊಳಗೆ ಮಲಗುತ್ತದೆ, ಪಾರ್ಕಿಗೆ ಹೋಗುವಾಗ ಕಾರಿನೊಳಗೆ ಕಂಬಳಿ ಸುತ್ತಿಕೊಂಡು ಬರುತ್ತದೆ. ಇನ್ನೊಂದು ಮಾತು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ: ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜರ್ ಚುಚ್ಚುವುದಿಲ್ಲ. ಸೆಲ್ಲಿನ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಸರಿಪಡಿಸಲಾಗದ ಹಾನಿಯಾಗುತ್ತದೆ. ಸವಾರಿ ಮುಗಿಸಿ ಬಿಸಿಯಾಗಿರುವಾಗಲೂ ಚುಚ್ಚುವುದಿಲ್ಲ, ಒಂದು ಗಂಟೆ ಆರಲು ಬಿಡುತ್ತೇನೆ. ವಾರಗಟ್ಟಲೆ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡುತ್ತೇನೆ, ಪೂರ್ತಿ ತುಂಬಿಸಿಡುವುದಿಲ್ಲ.

ದಾರಿ ಹಾಕಿಕೊಳ್ಳುವ ರೀತಿಯೂ ಬದಲಾಯಿತು. ಮೊದಲು ಒಂದೇ ದೊಡ್ಡ ಸುತ್ತು ಹೊಡೆಯುತ್ತಿದ್ದೆ. ಈಗ ಕಾರು ನಿಲ್ಲಿಸಿದ ಜಾಗವನ್ನು ನಡುವೆ ಇಟ್ಟುಕೊಂಡು ದಾಸವಾಳದ ಎಸಳಿನ ಹಾಗೆ ಮೂರು ನಾಲ್ಕು ಸುತ್ತು. ಪ್ರತಿ ಎಸಳೂ ಕಾರಿನ ಬಳಿಗೇ ವಾಪಸ್ ತರುತ್ತದೆ. ಕಠಿಣವಾದ ಏರುಗಳನ್ನು ಬ್ಯಾಟರಿ ತುಂಬಿರುವಾಗಲೇ ಮುಗಿಸುತ್ತೇನೆ. ಕೊನೆಯ ಸುತ್ತು ಸುಲಭದ್ದು. ಅಂದು ಕಣಿವೆಯಲ್ಲಿ ಸಿಕ್ಕಿಕೊಂಡದ್ದಕ್ಕೆ ಮೂಲ ಕಾರಣ ಇದನ್ನು ತಲೆಕೆಳಗು ಮಾಡಿದ್ದು: ಬೆಳಗ್ಗೆ ಇಳಿದು ಇಳಿದು ಹೋಗಿದ್ದೆ, ಅರ್ಧ ಬ್ಯಾಟರಿಗೆ ತಿರುಗಿದ್ದೆ. ಹೋಗುವಾಗ ಇಳಿಜಾರಾದರೆ ಅರ್ಧಕ್ಕೆ ತಿರುಗುವುದು ತಡವಾಯಿತು, 65 ಪರ್ಸೆಂಟ್ ಇರುವಾಗಲೇ ಮುಖ ತಿರುಗಿಸಬೇಕು. ಹೋಗುವಾಗ ಏರಾದರೆ 35ಕ್ಕೆ ತಿರುಗಿದರೂ ಭಯವಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕಾರಿನಲ್ಲಿರುವ 2 ಯೂನಿಟ್ಟಿನ ಪೋರ್ಟಬಲ್ ಪವರ್ ಸ್ಟೇಷನ್ನಿಗೆ (ಹೊತ್ತೊಯ್ಯಬಹುದಾದ, ಪ್ಲಗ್ ಇರುವ ದೊಡ್ಡ ಬ್ಯಾಟರಿ ಪೆಟ್ಟಿಗೆ) ಚಾರ್ಜರ್ ಚುಚ್ಚುತ್ತೇನೆ. ಬ್ಯಾಟರಿ ಆರಿದ ಮೇಲೆ 10 ಆಂಪಿಯರಿನ ಚಾರ್ಜರ್ ಒಂದು ಗಂಟೆಯಲ್ಲಿ 600 ವ್ಯಾಟ್-ಅವರ್‌ಗಿಂತ ಹೆಚ್ಚು ತುಂಬುತ್ತದೆ. ಅಂದರೆ ಇಕೋದಲ್ಲಿ ಒಂದೂವರೆ ಸುತ್ತು. ಎರಡನೆಯ ಬ್ಯಾಟರಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಹನ್ನೊಂದು ಹನ್ನೆರಡು ಕೆಜಿಯ ಅದನ್ನು ಹೊತ್ತು ಬಿದ್ದರೆ ಬೆನ್ನೆಲುಬಿನ ಗತಿಯೇನು ಎಂದು ಯೋಚಿಸಿದರೆ ನನಗೆ ಧೈರ್ಯ ಬರುವುದಿಲ್ಲ.

ಕಳೆದ ವರ್ಷ ಊರಿಗೆ ಹೋದಾಗ ಕೊಪ್ಪದ ನಮ್ಮ ಭಾವ ಇಂಥದ್ದೊಂದು ತೋಟಕ್ಕೆ ಆಗುತ್ತದೆಯೇ ಎಂದು ಕೇಳಿದರು. ಮನೆಯಿಂದ ಹಳ್ಳದ ಪಂಪ್‌ಸೆಟ್ಟಿಗೆ, ಅಲ್ಲಿಂದ ಮೇಲಿನ ಕಾಫಿ ತಾಕಿಗೆ ದಿನಕ್ಕೆ ಹತ್ತು ಸಲ ಓಡಾಡುವವರು ಅವರು. "ಎಷ್ಟು ಕಿಲೋಮೀಟರ್ ಕೊಡ್ತದೆ ಮಾರಾಯ?" ಎಂದರು. "ಅದು ಬಿಡಿ ಭಾವ, ಹಳ್ಳದಿಂದ ಮೇಲಿನ ತಾಕಿಗೆ ಎತ್ತರ ಎಷ್ಟು ಹೇಳಿ" ಎಂದೆ. ಫೋನು ಹಿಡಿದು ಇಬ್ಬರೂ ನಡೆದು ಅಳೆದೆವು, 85 ಮೀಟರ್ ಬಂತು. ಗೊಬ್ಬರದ ಚೀಲ ಸೇರಿ 190 ಕೆಜಿ ಎಂದು ಹಿಡಿದರೆ ಒಂದು ಸಲ ಹತ್ತಲು 44 ವ್ಯಾಟ್-ಅವರ್, ನಷ್ಟ ಸೇರಿಸಿ 60. ಹತ್ತು ಸಲಕ್ಕೆ 600. ದೂರದ ಖರ್ಚನ್ನು ಸೇರಿಸಿದರೂ ಒಂದು ಚಾರ್ಜು ದಿನ ದಾಟಿಸುತ್ತದೆ. ಹಿತ್ತಲಿನ ಜಗಲಿಯಲ್ಲಿ ಕೂತು ಕಾಗದದ ಮೇಲೆ ಬರೆದುಕೊಟ್ಟೆ. ಮಳೆಗಾಲದ ಜಾರುವ ಕೆಸರಿಗೆ ಇದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ, ಮತ್ತೆ ಗಾಡಿ ತಂದ ದಿನವೇ ಚಾರ್ಜಿಂಗ್ ಪ್ಲಗ್ಗಿಗೆ ಒಂದು ಮೀಟರ್ ಹಾಕಿಸಿ ಎಂದೆ. ಭಾವ ಕಾಗದ ಮಡಿಚಿ ಅಡಿಕೆ ಲೆಕ್ಕದ ಪುಸ್ತಕದೊಳಗೆ ಇಟ್ಟರು.