ಜಪಾನಿನ ಹಳೆ ಬೆಳ್ಳಿ ತಟ್ಟೆ ಕೊಳ್ಳುವ ಮುಂಚೆ

ಮೊದಲು ತಟ್ಟೆಯನ್ನು ಮಗುಚಿ ಹಾಕಿ ನೋಡಿ. ಚಿತ್ತಾರ ಆಮೇಲೆ. ಹಿಂಬದಿಯಲ್ಲಿ 'ಜುನ್‌ಗಿನ್' ಅನ್ನುವ ಎರಡು ಜಪಾನಿ ಅಕ್ಷರ ಇದ್ದರೆ ಅದರ ಅರ್ಥ ಅಪ್ಪಟ ಬೆಳ್ಳಿ. ಆ ಎರಡು ಅಕ್ಷರದ ಆಕಾರವನ್ನು ಫೋನಿನಲ್ಲಿ ಇಟ್ಟುಕೊಂಡಿರಿ, ಅಷ್ಟು ಸಾಕು. ರಫ್ತಿನ ಮಾಲಿನಲ್ಲಿ 'ಸ್ಟರ್ಲಿಂಗ್ 950' ಅಂತಲೂ ಇರುತ್ತದೆ, ಅಂದರೆ ಸಾವಿರಕ್ಕೆ 950 ಪಾಲು ಬೆಳ್ಳಿ. ಬಾವುಟ ಮತ್ತು ವಜ್ರಾಕಾರದೊಳಗೆ ಅಂಕಿ ಕಂಡರೆ ಅದು ಸರ್ಕಾರಿ ಟಂಕಸಾಲೆಯ ಮುದ್ರೆ. ಅದು ಶುರುವಾಗಿದ್ದೇ 1929ರಲ್ಲಿ, ಹಾಗಾಗಿ ಅಂಥ ತಟ್ಟೆಯನ್ನು ಮೇಜಿ ಚಕ್ರವರ್ತಿಯ ಕಾಲದ್ದು (1868–1912) ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಆಂಟಿಮನಿ ತಟ್ಟೆಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ಉಬ್ಬು ಚಿತ್ರ ಚೆನ್ನಾಗಿರುತ್ತದೆ, ಬೆಳ್ಳಿಯಂತೆ ಹೊಳೆಯುತ್ತದೆ, ಆದರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಲೋಹ.

ಬೆಲೆ ಕಟ್ಟುವುದು ಹೇಗೆ? 950ರ ಬೆಳ್ಳಿಯಾದರೆ ತೂಕವನ್ನು 0.95ರಿಂದ ಗುಣಿಸಿ, ಅಂದಿನ ಬೆಳ್ಳಿ ದರಕ್ಕೆ ಲೆಕ್ಕ ಹಾಕಿ. ಅದು ತಳದ ಬೆಲೆ ಮಾತ್ರ. ನಿಜವಾದ ಬೆಲೆ ಕೈಕೆಲಸದಲ್ಲಿದೆ. 1876ರಲ್ಲಿ ಜಪಾನಿನ ಸಮುರಾಯಿ ಯೋಧರು ಕತ್ತಿ ಧರಿಸುವುದು ನಿಷೇಧವಾದಾಗ, ಕತ್ತಿಯ ಅಲಂಕಾರ ಮಾಡುತ್ತಿದ್ದ ಅಕ್ಕಸಾಲಿಗರಲ್ಲಿ ಹಲವರು ಇಂಥ ಪಾತ್ರೆಗಳಿಗೆ ತಿರುಗಿದರು. ಐರಿಸ್ ಹೂವಿನ ಎಸಳು ತಟ್ಟೆಯಿಂದ ಎದ್ದು ಬರುವಂತೆ ಕಾಣುವುದು ಆ ಕೈಗಳ ಪಳಗಿಕೆಯಿಂದಲೇ ಅಲ್ವಾ! ತಯಾರಕರ ಸಹಿ, ಜೊತೆಗೆ ಬಂದ ಮರದ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.

ದಯವಿಟ್ಟು ಸುಮ್ನೆ ತಿಕ್ಕಿ ತೊಳೆಯಬೇಡಿ. ಗೆರೆಗಳ ಸಂದಿಯಲ್ಲಿ ಕೂತ ಕಪ್ಪು ಹೋದರೆ ಚಿತ್ತಾರದ ಆಳವೇ ಹೋಗುತ್ತದೆ.